ಪೆನ್ಸಿಲ್ಲಿನಲ್ಲಿ ಬರೆದ ಮೋರಿ

ಹಾಳೆ ನಾಲ್ಕಡಿ ಉದ್ದ, ಮೂರಡಿ ಅಗಲ ಇತ್ತು. ನಮ್ಮ ಅಪಾರ್ಟ್‌ಮೆಂಟು, ಅದರ ಹಿಂದಿನ ಒಣ ಕಣಿವೆ, ನಾಲ್ಕು ಲೇನಿನ ರಸ್ತೆ, ರಸ್ತೆಯಾಚೆಯ ಶಾಲೆ, ಇಷ್ಟನ್ನೂ ಆಕಾಶದಿಂದ ನೋಡಿದ ಹಾಗೆ ತೆಳು ಬೂದು ಬಣ್ಣದಲ್ಲಿ ಅಚ್ಚು ಹಾಕಿಸಿ ನಗರದ ಪ್ಲಾನಿಂಗ್ ಕಚೇರಿಯ ಹುಡುಗಿ ತಂದಿದ್ದಳು. ಊರು ಸ್ಯಾನ್ ಡಿಯಾಗೋ, ಡೆಲ್ ಮಾರ್‌ನ ಸಮುದ್ರದಿಂದ ಒಳಕ್ಕೆ ಹದಿನೈದು ನಿಮಿಷ. ಶಾಲೆಗೆ ನಡೆದು ಹೋಗುವ ದಾರಿಯನ್ನು ರಿಪೇರಿ ಮಾಡುವ ಮೊದಲು, ಆ ದಾರಿಯಲ್ಲಿ ದಿನಾ ನಡೆಯುವ ಮಕ್ಕಳನ್ನೇ ಕೇಳಬೇಕು ಎಂದು ಅವಳ ಕಚೇರಿಯವರು ತೀರ್ಮಾನಿಸಿದ್ದರು. ಒಂಬತ್ತರಿಂದ ಹನ್ನೆರಡು ವಯಸ್ಸಿನ ಎಂಟು ಮಕ್ಕಳು. ಅವರ ಜೊತೆ ಕೂರಲು, ಹಗಲು ಹೊತ್ತು ಮನೆಯಲ್ಲಿರುವ ಇಬ್ಬರು ದೊಡ್ಡವರು ಬೇಕಿತ್ತು.

ಒಬ್ಬಳು ನಾನು. ನನ್ನನ್ನು ಕೇಳದೆಯೇ ಸೊಸೆ ಹೆಸರು ಕೊಟ್ಟಿದ್ದಳು. "ನಮ್ಮತ್ತೆ ಮೈಸೂರಲ್ಲಿ ಟ್ರೇಸರ್ ಆಗಿದ್ರು, ಮ್ಯಾಪು ಗೀಪು ಎಲ್ಲಾ ಚೆನ್ನಾಗಿ ಮಾಡ್ತಾರೆ" ಅಂದಳಂತೆ. ಟ್ರೇಸರ್ ಎಂದರೆ ಎಂಜಿನಿಯರುಗಳ ನಕ್ಷೆಯ ಮೇಲೆ ಟ್ರೇಸಿಂಗ್ ಬಟ್ಟೆ ಹಾಸಿ, ಇಂಕಿನಲ್ಲಿ ನಕಲು ತೆಗೆಯುವವಳು. ಆ ಕೆಲಸದ ನಿಯಮ ಒಂದೇ. ದಪ್ಪ ಗೆರೆ ಎಳೆದು ಖಚಿತ ಮಾಡಿದ್ದನ್ನು ಇಳಿಸಬೇಕು, ಅಳತೆಗೆಂದು ಎಳೆದ ತೆಳು ಪೆನ್ಸಿಲ್ ಗೆರೆಗಳನ್ನು ಬಿಡಬೇಕು. ಇನ್ನೊಬ್ಬರು ಕೆಳಗಿನ ಮನೆಯ ಡ್ರಿಲ್ ಮಾಸ್ತರರು. ಬಾಗಲಕೋಟೆ ಕಡೆಯ ಹೈಸ್ಕೂಲಿನಲ್ಲಿ ಮಕ್ಕಳನ್ನು ಮೈದಾನದ ಸುತ್ತ ಓಡಿಸಿ ರಿಟೈರಾದವರು, ಈಗ ಮಗಳ ಮನೆಯಲ್ಲಿದ್ದಾರೆ. ಕೊರಳಲ್ಲಿ ಇನ್ನೂ ಸೀಟಿ ನೇತಾಡುತ್ತದೆ.

"ಅಕ್ಕಾರ, ಇಲ್ಲಿ ಹುಡುಗ್ರ ಮ್ಯಾಲೆ ಸೀಟಿ ಊದಿದ್ರ ಕೇಸ್ ಹಾಕ್ತಾರಂತ, ಖರೇ ಏನ್ರೀ?" ಎಂದು ಮೊದಲ ದಿನವೇ ಕೇಳಿದರು.

"ಊದಿ ನೋಡಿ ಮಾಸ್ತರೇ. ಜೈಲಿಗೆ ಹಾಕಿದರೆ ನಾನು ಊಟ ತಂದುಕೊಡ್ತೀನಿ."

ಪ್ಲಾನಿಂಗ್ ಹುಡುಗಿ ನನ್ನ ಹೆಸರು ಕೇಳಿದಾಗ ನನ್ನ ಹನ್ನೊಂದು ವರ್ಷದ ಮೊಮ್ಮಗಳು "ಅಜ್ಜಿ" ಅಂದಳು. ಅಂದಿನಿಂದ ಆ ಹುಡುಗಿಯ ಇಮೇಲುಗಳಲ್ಲೆಲ್ಲ ನಾನು ಮಿಸ್ ಅಜ್ಜಿ. ನಾನು ತಿದ್ದಲಿಲ್ಲ. ಮೀಟಿಂಗಿನಲ್ಲಿ ಅಷ್ಟು ಗಂಭೀರವಾಗಿ ಅವಳು ಹಾಗೆ ಕರೆಯುವುದನ್ನು ಕೇಳಲು ಬಲು ಚೆನ್ನಾಗಿತ್ತು.

ಅವಳು ಬಿಳಿ ಬೋರ್ಡಿನ ಮೇಲೆ ಮೂರು ನಿಯಮ ಬರೆದಳು. ದೊಡ್ಡವರು ಹಾಳೆಯ ಮೇಲೆ ಏನೂ ಬರೆಯಬಾರದು. ಮಕ್ಕಳು ಏನು ಬರೆದರೂ ಬೈಯಬಾರದು. ಇಲ್ಲಿ ಮಕ್ಕಳು ಹೇಳಿದ್ದು ಅವರ ಹೆಸರಿನೊಂದಿಗೆ ಅವರವರ ಮನೆಗೆ ಹೋಗಬಾರದು. ಮೂರನೆಯದಕ್ಕೆ ಮೊಮ್ಮಗಳು ಪಟ್ಟು ಹಿಡಿದಳು. "ಅಜ್ಜಿ, ಪಿಂಕಿ ಪ್ರಾಮಿಸ್ ಮಾಡು. ಎಲ್ಲರಿಗೂ." ಎಂಟು ಕಿರುಬೆರಳುಗಳಿಗೆ ನನ್ನ ಕಿರುಬೆರಳು ಕೊಕ್ಕೆ ಹಾಕಿ ಭಾಷೆ ಕೊಟ್ಟೆ. ಆಗ ಅದು ಆಟ ಅನಿಸಿತ್ತು.

ಮೊದಲ ಶನಿವಾರ ಎಲ್ಲರೂ ದಾರಿಯನ್ನು ನಡೆದೆವು. ಒಬ್ಬೊಬ್ಬರ ಕೈಯಲ್ಲೂ ಒಂದು ರಟ್ಟು, ಅದಕ್ಕೆ ಕ್ಲಿಪ್ಪು ಹಾಕಿದ ಪುಟ್ಟ ನಕ್ಷೆ, ದುಂಡನೆಯ ಸ್ಟಿಕರುಗಳು. ಹೆದರಿಕೆಯ ಜಾಗಕ್ಕೆ ಕೆಂಪು, ಇಷ್ಟದ ಜಾಗಕ್ಕೆ ಹಸಿರು. ಮಾಸ್ತರರು ಹೊರಡುವ ಮೊದಲೇ ಕವಾಯತು ಕಲಿಸಿದ್ದರು: ಒಂದು ಸೀಟಿ ಅಂದರೆ ನಿಂತಲ್ಲೇ ನಿಲ್ಲಬೇಕು, ಎರಡು ಸೀಟಿ ಅಂದರೆ ಹಿಂದೆ ತಿರುಗಿ ಬಂದ ದಾರಿಯಲ್ಲೇ ಓಡಬೇಕು. ಮಕ್ಕಳಿಗೆ ಅದು ಎಷ್ಟು ಹಿಡಿಸಿತೆಂದರೆ, ಪಾರ್ಕಿಂಗ್ ಜಾಗದಲ್ಲಿ ಹತ್ತು ಸಲ ಊದಿಸಿ ಹತ್ತು ಸಲವೂ ಓಡಿದರು.

ದೊಡ್ಡ ರಸ್ತೆಯ ಸಿಗ್ನಲ್ಲಿನ ಹತ್ತಿರ ನನಗೆ ನಿಜವಾದ ಭಯ ಆಯಿತು. ನಡೆಯುವವರು ದಾಟಲೆಂದು ಬಿಳಿ ಮನುಷ್ಯನ ಚಿತ್ರದ ದೀಪ ಹತ್ತಿತು. ನಾನು ಕಾಲಿಟ್ಟೆ. ಇಲ್ಲಿ ಕೆಂಪು ದೀಪವಿದ್ದರೂ ಕಾರುಗಳು ಬಲಕ್ಕೆ ತಿರುಗಬಹುದು. ಬಲಕ್ಕೆ ತಿರುಗುತ್ತಿದ್ದ ಒಂದು ಎತ್ತರದ ಕಾರು ಎಡಗಡೆಯಿಂದ ಬರುವ ಕಾರುಗಳನ್ನಷ್ಟೇ ನೋಡುತ್ತಾ ನನ್ನ ಮೇಲೇ ಬಂತು. ಅದರ ಎಂಜಿನ್ನಿನ ಶಾಖ ನನ್ನ ಮೊಣಕಾಲಿಗೆ ತಾಗಿದ್ದು ಈಗಲೂ ನೆನಪಿದೆ. ಮೊಮ್ಮಗಳು ನನ್ನ ದುಪಟ್ಟಾ ಹಿಡಿದು ಹಿಂದಕ್ಕೆ ಎಳೆದಳು.

"ಐ ಟೋಲ್ಡ್ ಯೂ ಅಜ್ಜಿ. ವಾಕ್ ಸೈನ್ ಬಂದ್ರೂ ಅವ್ರು ನಮ್ಮನ್ನ ನೋಡಲ್ಲ."

"ದಿನಾ ಹೀಗೇನಾ?"

"ಎವ್ರಿ ಡೇ."

ಎಂಟೂ ಮಕ್ಕಳು ಆ ಮೂಲೆಗೆ ಕೆಂಪು ಸ್ಟಿಕರು ಅಂಟಿಸಿದರು. ಒಬ್ಬಳು ಹತ್ತು ಅಂಟಿಸಿದಳು. ಆದರೆ ಅಲ್ಲಿಂದ ಸ್ವಲ್ಪ ಮುಂದೆ ಹೋದಾಗ, ಬೇಲಿಯ ಪಕ್ಕ ಪೊದೆ ಬೆಳೆದ ಜಾಗದಲ್ಲಿ, ಮೂವರು ಫುಟ್‌ಪಾತಿನ ಮೇಲೆ ಕಾಲು ಅಪ್ಪಳಿಸಿ ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ಯಾಕೆ ನಗುತ್ತೀರಿ ಎಂದು ನಾನು ಕೇಳಲಿಲ್ಲ. ನಾನು ಹಿಂದಿರುಗಿ ಆ ಸಿಗ್ನಲ್ಲನ್ನೇ ನೋಡುತ್ತಿದ್ದೆ.

ಎರಡನೇ ಶನಿವಾರ ಅಪಾರ್ಟ್‌ಮೆಂಟಿನ ಕ್ಲಬ್ ಹೌಸಿನ ನೆಲದ ಮೇಲೆ ಹಾಳೆ ಹಾಸಿ, ಸ್ಟಿಕರುಗಳನ್ನು ಅದಕ್ಕೆ ದಾಟಿಸಿ, ಬರೆಯಲು ಕೂತರು. ಮಾರ್ಕರುಗಳ ಡಬ್ಬ, ಪೆನ್ಸಿಲ್ಲುಗಳ ಡಬ್ಬ. ನಾಯಿ ಬೊಗಳುವ ಮನೆ, ಹಣ್ಣು ಕಿತ್ತರೂ ಬೈಯದವರ ನಿಂಬೆ ಮರ, ಬೆಳಗಿನ ಹೊತ್ತು ಕಯೋಟಿ ನರಿ ಕಾಣಿಸಿಕೊಳ್ಳುವ ತಿರುವು, ಎಲ್ಲ ಬಂದವು. ನಿಯಮದ ಪ್ರಕಾರ ನಾನು ಬರೆಯುವಂತಿರಲಿಲ್ಲ, ಹೇಳಿಕೊಡಬಹುದಿತ್ತು. ನೆಲದಡಿಯ ಪೈಪು, ಗೋಡೆಯ ಹಿಂದಿನ ಮೆಟ್ಟಿಲು, ಹೀಗೆ ಮೇಲಿನಿಂದ ಕಣ್ಣಿಗೆ ಕಾಣದ್ದನ್ನು ನಕ್ಷೆಯಲ್ಲಿ ತುಂಡು ತುಂಡು ಗೆರೆಯಲ್ಲಿ ತೋರಿಸುತ್ತಾರೆ ಎಂದು ಹೇಳಿಕೊಟ್ಟೆ. ಅವರಿಗೆ ಅದು ಗುಟ್ಟಿನ ಭಾಷೆಯ ಹಾಗೆ ಕಂಡಿರಬೇಕು. ತುಂಬಾ ಹೊತ್ತು ಒಂದು ಮೂಲೆಯಲ್ಲಿ ತಲೆಗೆ ತಲೆ ಕೊಟ್ಟು ಪಿಸುಗುಟ್ಟಿದರು.

ಹಾಳೆ ಸುತ್ತುವಾಗ ಮೊಮ್ಮಗಳು ಕೇಳಿದಳು. "ಅಜ್ಜಿ, ಪೆನ್ಸಿಲ್‌ನಲ್ಲಿ ಬರ್ದಿರೋದೂ ಮ್ಯಾಪಾ?"

"ಪೆನ್ಸಿಲ್ ಲೆಕ್ಕಕ್ಕಿಲ್ಲ ಪುಟ್ಟಿ. ಮಾರ್ಕರ್‌ನಲ್ಲಿ ಇರೋದು ಮಾತ್ರ."

ಅವಳು ಪೆನ್ಸಿಲ್ ಡಬ್ಬದ ಮುಚ್ಚಳ ಒತ್ತಿ ಮುಚ್ಚಿದಳು. ಆಮೇಲೆ "ಓಕೆ" ಅಂದಳು.

ಮೀಟಿಂಗಿಗೆ ಗೋಡೆಯ ಮೇಲೆ ತೂಗುಹಾಕಲು ಒಂದು ಶುಭ್ರವಾದ ಪ್ರತಿ ಬೇಕು ಎಂದು ಪ್ಲಾನಿಂಗ್ ಹುಡುಗಿ ಕೇಳಿಕೊಂಡಳು. ಮೂಲ ಹಾಳೆಯಲ್ಲಿ ಚಿಪ್ಸಿನ ಎಣ್ಣೆ, ಜ್ಯೂಸಿನ ಕಲೆ, ಒಂದು ಹೆಜ್ಜೆ ಗುರುತು ಎಲ್ಲ ಇತ್ತು. ನಾನು ಒಪ್ಪಿಕೊಂಡೆ. ಒಪ್ಪಿಕೊಂಡೆ ಏನು, ಹಿರಿಹಿರಿ ಹಿಗ್ಗಿದೆ. ಇಂಕು ಮುಟ್ಟಿ ಎಷ್ಟೋ ವರ್ಷವಾಗಿತ್ತು. ಮಗನ ಮನೆಯಲ್ಲಿ ಅಷ್ಟು ದೊಡ್ಡ ಮೇಜಿರಲಿಲ್ಲ. ಲಾಸ್ ಏಂಜಲೀಸ್‌ನ ವುಡ್‌ಲ್ಯಾಂಡ್ ಹಿಲ್ಸ್‌ನಲ್ಲಿರುವ ಮಗಳ ಮನೆಯಲ್ಲಿ ಆರು ಮಂದಿ ಕೂರುವ ಗಾಜಿನ ಊಟದ ಮೇಜಿದೆ. ಭಾನುವಾರ ಹಾಳೆಯನ್ನು ಸುತ್ತಿಕೊಂಡು ಅಲ್ಲಿಗೆ ಹೋದೆ. ಗಾಜಿನ ಕೆಳಗೆ ಎರಡು ಟೇಬಲ್ ಲ್ಯಾಂಪ್ ಇಟ್ಟೆ, ಮೇಲೆ ಮಕ್ಕಳ ಹಾಳೆ, ಅದರ ಮೇಲೆ ಟ್ರೇಸಿಂಗ್ ಪೇಪರು. ಎರಡು ದಿನ ಮಗಳು ಅಳಿಯ ಸೋಫಾದ ಮೇಲೆ ತಟ್ಟೆ ಹಿಡಿದು ಊಟ ಮಾಡಿದರು.

"ಅಮ್ಮ, ಒಂದು ಮೂಲೆಯಾದ್ರೂ ಬಿಡು, ಸಾರಿನ ಪಾತ್ರೆ ಇಡ್ತೀನಿ."

"ಸಾರಿನ ಪಾತ್ರೆ ನಿನ್ನ ತಲೆ ಮೇಲೆ ಇಟ್ಕೋ" ಅಂದೆ.

ಬೇಲಿಯ ಪಕ್ಕದ ಆ ಮೂಲೆಯಲ್ಲಿ ತೆಳು ಪೆನ್ಸಿಲ್ಲಿನ ಗೀಚು ಕಂಡಿತು. ಎರಡು ಸಣ್ಣ ಕಮಾನು, ಒಂದಿಷ್ಟು ತುಂಡು ಗೆರೆ. ಪೆನ್ಸಿಲ್ ಚೂಪಾಗಿದೆಯೋ ಇಲ್ಲವೋ ಎಂದು ಗೀಚಿ ನೋಡಿದ್ದಾರೆ ಅಂದುಕೊಂಡೆ. ಬಿಟ್ಟೆ. ಎಲ್ಲ ಮುಗಿಸಿ ಅಂಚಿಗೆ ಜೋಡಿ ಗೆರೆ ಎಳೆದು, ಮೂಲೆಯಲ್ಲಿ ಉತ್ತರ ದಿಕ್ಕಿನ ಬಾಣ ಹಾಕಿದೆ. ಮಂಗಳವಾರ ಸಂಜೆ ಫೋಟೋ ತೆಗೆದು ಪ್ಲಾನಿಂಗ್ ಹುಡುಗಿಗೆ ಕಳಿಸಿದೆ. ಬ್ಯೂಟಿಫುಲ್ ಎಂದು ಮೂರು ಸಲ ಬರೆದು ಉತ್ತರಿಸಿದಳು. ಹೆಮ್ಮೆಯಿಂದ ಎರಡು ಹೋಳಿಗೆ ಜಾಸ್ತಿ ತಿಂದೆ.

ಬುಧವಾರ ಬೆಳಿಗ್ಗೆ ಮಳೆ. ಅಲ್ಲಿ ಮಳೆ ಬಂದರೆ ಟೀವಿಯವರು ಯುದ್ಧ ಬಂದ ಹಾಗೆ ಕೂಗುತ್ತಾರೆ, ನಾನು ನಗುತ್ತಿದ್ದೆ. ಮಗಳ ಮನೆಯ ಹಿತ್ತಿಲ ಬೇಲಿಯಾಚೆ ಒಂದು ಕಾಂಕ್ರೀಟಿನ ಕಾಲುವೆ ಇದೆ. ವರ್ಷವೆಲ್ಲ ಒಣಗಿ, ಹುಡುಗರು ಅದರೊಳಗೆ ಸ್ಕೇಟಿಂಗ್ ಮಾಡುತ್ತಾರೆ. ಕಾಫಿ ಲೋಟ ಹಿಡಿದು ಅಡಿಗೆಮನೆ ಕಿಟಕಿಯಲ್ಲಿ ನಿಂತೆ. ಕಾಲುವೆಯ ನಡುವೆ ಬೆರಳಗಲದ ನೀರು ಹರಿಯುತ್ತಿತ್ತು. ಕಾಫಿ ಮುಗಿಸಿ ಲೋಟ ತೊಳೆದು ಮತ್ತೆ ನೋಡಿದಾಗ ಅದು ಗೋಡೆಯಿಂದ ಗೋಡೆಗೆ ಹಬ್ಬಿತ್ತು. ನೀರು ಮಣ್ಣಿನ ಬಣ್ಣದ್ದು. ಅಂಗಡಿಯ ತಳ್ಳುಗಾಡಿಯೊಂದು ಅಡ್ಡ ಬಿದ್ದು ಉರುಳುತ್ತಾ ಬಂತು, ಒಂದು ಸಲ ಚಕ್ರ ಮೇಲೆ ಮಾಡಿತು, ಹೋಯಿತು. ಕಬ್ಬಿಣದ ಗಾಡಿ. ಲೋಟ ಒಂದು ತೊಳೆಯುವಷ್ಟರಲ್ಲಿ.

ಅಳಿಯಂದಿರು ಮನೆಯಿಂದಲೇ ಕೆಲಸ ಮಾಡುತ್ತಿದ್ದರು. ನೀರು ಕುಡಿಯಲು ಬಂದವರು ಹೇಳಿದರು. "ಈ ಮಳೆ ದಕ್ಷಿಣಕ್ಕೆ ಹೋಗ್ತಾ ಇದೆ ಅತ್ತೆ. ಇನ್ನೇನು ಸ್ಯಾನ್ ಡಿಯಾಗೋಗೆ ಬಂದುಬಿಡತ್ತೆ."

ಆಗ ನನ್ನ ತಲೆಯಲ್ಲಿ ಆ ಎರಡು ಕಮಾನು ಬಂದವು. ಯಾಕೆ ಬಂದವೋ ಗೊತ್ತಿಲ್ಲ. ಮೇಜಿನ ಹತ್ತಿರ ಹೋಗಿ ನನ್ನ ಟ್ರೇಸಿಂಗ್ ಸರಿಸಿ, ಲ್ಯಾಂಪ್ ಹಚ್ಚಿ, ಕನ್ನಡಕ ಒರೆಸಿಕೊಂಡು ಮಕ್ಕಳ ಹಾಳೆ ನೋಡಿದೆ. ಅಳತೆ ನೋಡಲು ಎಳೆದ ಗೆರೆಯಲ್ಲ ಅದು, ಗೀಚೂ ಅಲ್ಲ. ರಸ್ತೆಯ ಒಂದು ಬದಿಯಲ್ಲಿ ಎರಡು ಕಮಾನು, ಇನ್ನೊಂದು ಬದಿಯಲ್ಲಿ ಎರಡು ಕಮಾನು, ನಡುವೆ ತುಂಡು ತುಂಡು ಗೆರೆ. ಮೇಲಿನಿಂದ ಕಣ್ಣಿಗೆ ಕಾಣದ್ದು. ರಸ್ತೆಯ ಕೆಳಗಿನ ಮೋರಿ. ಕಮಾನಿನೊಳಗೆ ಎಂಟು ಚುಕ್ಕಿಗಳು, ಒಂದೊಂದಕ್ಕೂ ಎರಡು ಪುಟ್ಟ ಕಾಲು. ನಾನು ಕಲಿಸಿದ ಹಾಗೇ ಬರೆದಿದ್ದರು. ಹೇಳಬೇಕು ಅಂತಲೂ ಇತ್ತು, ಹೇಳಬಾರದು ಅಂತಲೂ ಇತ್ತು, ಅದಕ್ಕೇ ಪೆನ್ಸಿಲ್ಲಿನಲ್ಲಿ ಬರೆದಿದ್ದರು. ಹೇಳಲಾ ಎಂದು ಕೇಳಿದ್ದಕ್ಕೆ ಲೆಕ್ಕಕ್ಕಿಲ್ಲ ಅಂದಿದ್ದೆ.

ಸ್ಕೇಲ್ ಇಟ್ಟು ಅಳೆದೆ. ತುಂಡು ಗೆರೆ ಮೂರಂಗುಲ. ಅಂಗುಲಕ್ಕೆ ನಲವತ್ತು ಅಡಿ. ನೂರಿಪ್ಪತ್ತು ಅಡಿ ಕತ್ತಲು. ನಮ್ಮ ಕಡೆಯ ಕಣಿವೆ ಎತ್ತರದಲ್ಲಿದೆ, ಶಾಲೆಯ ಕಡೆ ತಗ್ಗು. ಮನೆಗೆ ಬರುವ ಮಕ್ಕಳ ಎದುರಿಗೇ ನೀರು ಬರುತ್ತದೆ. ಬುಧವಾರ ಶಾಲೆ ಹನ್ನೆರಡೂವರೆಗೇ ಬಿಡುತ್ತದೆ. ಗಡಿಯಾರ ನೋಡಿದೆ, ಹನ್ನೆರಡು ದಾಟಿ ಐದು ನಿಮಿಷ.

ಸೊಸೆಗೆ ಫೋನ್ ಮಾಡಿದೆ. ಅವಳು ಲ್ಯಾಬಿನೊಳಗೆ ಹೋದರೆ ಫೋನು ಲಾಕರಿನಲ್ಲಿರುತ್ತದೆ. ಮಗ ವಿಮಾನದಲ್ಲಿದ್ದ. ಮೊಮ್ಮಗಳ ಫೋನು ಶಾಲೆಯಲ್ಲಿ ಆಫ್. ಶಾಲೆಗೆ ಮಾಡಿದರೆ ರೆಕಾರ್ಡ್ ಮಾಡಿದ ಹೆಂಗಸೊಬ್ಬಳು ಒಂದು ಒತ್ತಿ ಎರಡು ಒತ್ತಿ ಅನ್ನುತ್ತಲೇ ಇದ್ದಳು. ಎರಡು ತಿಂಗಳ ಹಿಂದಷ್ಟೇ ಫೋನಿನಲ್ಲಿ ಟೈಪ್ ಮಾಡಲು ಕಲಿತಿದ್ದೆ. ಎಂಟು ಮನೆಯವರ ಗುಂಪು ತೆರೆದು ಒಂದು ಬೆರಳಿನಲ್ಲಿ ಕುಟ್ಟಿದೆ. "ಮಕ್ಕಳು ರಸ್ತೆ ಕೆಳಗಿನ ಮೋರಿಯಲ್ಲಿ ಬರುತ್ತಾರೆ. ಇವತ್ತು ನೀರು ಬರುತ್ತದೆ. ಬೇಗ ಶಾಲೆಗೆ ಹೋಗಿ." ಕಳಿಸಲು ಏಳು ನಿಮಿಷ ಹಿಡಿಯಿತು. ಕಳಿಸಿದ ಮೇಲೆ ಹೊಳೆಯಿತು, ಎಂಟರಲ್ಲಿ ಐದು ಮನೆಯವರಿಗೆ ಕನ್ನಡ ಓದಲು ಬರುವುದಿಲ್ಲ. ಓದಲು ಬರುವ ಮೂರು ಮನೆಯವರೂ ಆ ಹೊತ್ತಿನಲ್ಲಿ ಕೆಲಸದಲ್ಲಿರುತ್ತಾರೆ, ಫೋನ್ ನೋಡುವುದಿಲ್ಲ.

ಅಳಿಯನ ಕೋಣೆಗೆ ಓಡಿದೆ. ಕಿವಿಗೆ ಹೆಡ್‌ಫೋನ್, ಪರದೆಯ ತುಂಬ ಮುಖಗಳು. ಮಗಳ ಮದುವೆಯಾಗಿ ಹದಿನಾಲ್ಕು ವರ್ಷವಾದರೂ ಅವರನ್ನು ಹೆಸರು ಹಿಡಿದು ಕರೆದವಳಲ್ಲ ನಾನು. ಹಿಂದಿನಿಂದ ಹೋಗಿ ಆ ಹೆಡ್‌ಫೋನನ್ನು ಎಳೆದು ಕಿತ್ತೆ. ಪರದೆಯ ಮುಖಗಳೆಲ್ಲ ನನ್ನನ್ನು ನೋಡಿದವು.

"ಏಳಿ. ಸ್ಕೂಲಿಗೆ ಫೋನ್ ಮಾಡಿ. ಮಕ್ಕಳು ಸಾಯ್ತಾರೆ."

ಪುಣ್ಯಾತ್ಮ ಒಂದೂ ಪ್ರಶ್ನೆ ಕೇಳಲಿಲ್ಲ. ಯಾವ ನಂಬರು ಒತ್ತಬೇಕೋ ಅದನ್ನು ಒತ್ತಿ ಮನುಷ್ಯರ ದನಿಯವರೆಗೆ ತಲುಪಿದರು. ಇಂಗ್ಲಿಷಿನಲ್ಲಿ ವಿವರಿಸಿದರು. ಆಮೇಲೆ ಫೋನಿಗೆ ಅಂಗೈ ಮುಚ್ಚಿ ನನ್ನ ಕಡೆ ತಿರುಗಿದರು.

"ಯಾವ ಮಕ್ಕಳು ಅಂತ ಕೇಳ್ತಿದಾರೆ ಅತ್ತೆ. ಆರುನೂರು ಮಕ್ಕಳನ್ನ ತಡೆಯೋಕಾಗಲ್ಲ, ಹೆಸರು ಹೇಳಿ ಅಂತಾರೆ. ಅವರವರ ಅಪ್ಪ ಅಮ್ಮಂಗೂ ಫೋನ್ ಮಾಡ್ತಾರಂತೆ."

ಗುಂಪಿಗೆ ಬರೆದಾಗ ನಾನು ಯಾರ ಹೆಸರನ್ನೂ ಬರೆದಿರಲಿಲ್ಲ. ಅಷ್ಟು ಅವಸರದಲ್ಲೂ ಬೆರಳು ಆ ಒಂದು ಮಾತನ್ನು ಕಾಪಾಡಿಕೊಂಡಿತ್ತು. ಈಗ ಹೆಸರು ಕೊಟ್ಟರೆ, ಈ ಮಕ್ಕಳು ಇನ್ನು ಯಾವ ಹಾಳೆಯ ಮೇಲೂ ನಿಜ ಬರೆಯುವುದಿಲ್ಲ. ನನ್ನ ಎಣಿಕೆ ತಪ್ಪಾಗಿದ್ದರೆ? ಇವತ್ತು ಅವರು ಮೇಲಿನ ದಾರಿಯಲ್ಲೇ ಬಂದರೆ? ಸುಮ್ಮನೆ ಎಂಟು ಮನೆಗಳಲ್ಲಿ ಏಟು, ಬೈಗುಳ, ಅಳು. ಕಿಟಕಿಯಾಚೆ ನೀರಿನ ಸದ್ದು ಕೋಣೆಯ ತನಕ ಕೇಳುತ್ತಿತ್ತು.

ಎಂಟೂ ಹೆಸರು ಹೇಳಿದೆ. ಅಳಿಯಂದಿರು ಒಂದೊಂದನ್ನೇ ಅಕ್ಷರ ಬಿಡಿಸಿ ಹೇಳಿದರು.

ಅಷ್ಟರಲ್ಲಿ ನಾನು ಮಾಸ್ತರರಿಗೆ ಫೋನ್ ಮಾಡಿದೆ.

"ಹಾಂ ಅಕ್ಕಾರ, ಹೇಳ್ರೀ. ಇಲ್ಲಿ ಈಗ ಹನಿ ಚಾಲೂ ಆತು ನೋಡ್ರಿ, ಮ್ಯಾಲಿನ ಗುಡ್ಡದಾಗ ಆಗ್ಲೇ ಜೋರ ಸುರಿಯಾಕತ್ತೈತಿ. ನಾ ಪೋಸ್ಟ್ ಡಬ್ಬಿ ಹಂತೇಕ ಕುಂತೀನಿ."

"ಮಾಸ್ತರೇ, ಎದ್ದೇಳಿ. ಹಿಂದಿನ ಕಣಿವೆಗೆ ಇಳಿಯೋ ದಾರಿ ಇದೆಯಲ್ಲ, ಬೇಲಿ ಪಕ್ಕ ಪೊದೆ. ಅಲ್ಲಿ ರಸ್ತೆ ಕೆಳಗೆ ಮೋರಿ ಇದೆ. ಮಕ್ಕಳು ಅದರೊಳಗೆ ಬರ್ತಾರೆ."

"ಯಾರ ಹೇಳಿದ್ರಿ?"

"ಅವರೇ ಹೇಳಿದ್ದರು. ನಾನು ಓದಲಿಲ್ಲ. ಓಡಿ."

ಎಪ್ಪತ್ತು ದಾಟಿದ ಮನುಷ್ಯ ಓಡುವ ಸದ್ದು ಫೋನಿನಲ್ಲಿ ಕೇಳಿತು. ಏದುಸಿರು, ಛತ್ರಿ ಬಿದ್ದ ಸದ್ದು, ಕಲ್ಲು ಜಾರಿದ ಸದ್ದು. ಅದೇ ಹೊತ್ತಿಗೆ ಅಳಿಯಂದಿರು ಬಾಗಿಲಲ್ಲಿ ಬಂದು ನಿಂತರು. ಅವರ ಮುಖ ನೋಡಿಯೇ ನನಗೆ ಗೊತ್ತಾಯಿತು.

"ಐದು ಜನ ಸಿಕ್ಕಿದಾರೆ ಅತ್ತೆ. ಆಫೀಸಲ್ಲಿ ಕೂರಿಸಿದಾರೆ. ಮೂರು ಜನ..." ಅವರು ನನ್ನ ಕಣ್ಣು ತಪ್ಪಿಸಿದರು. "ಮಳೆ ಅಂತ ಐದು ನಿಮಿಷ ಮುಂಚೆ ಬಿಟ್ಟರಂತೆ. ಪುಟ್ಟಿನೂ ಹೊರಟುಬಿಟ್ಟಿದಾಳೆ."

ನಾನು ನೆಲದ ಮೇಲೆ ಕೂತೆ. ಫೋನನ್ನು ಎರಡೂ ಕೈಯಲ್ಲಿ ಕಿವಿಗೆ ಒತ್ತಿ ಹಿಡಿದೆ.

"ಅಕ್ಕಾರ, ಬಂದ್ನಿ. ಎರಡು ಬಾಯಿ ಐತ್ರಿ. ಒಳಗ ಕತ್ತಲ."

"ನೀರಿದೆಯಾ?"

"ಪಾದ ಮುಣುಗೂವಷ್ಟು. ಹರಿಯಾಕತ್ತೈತಿ." ಆಮೇಲೆ ದನಿ ಬದಲಾಯಿತು. "ಅಕ್ಕಾರ, ಒಳಗ ಹುಡುಗ್ರ ದನಿ ಕೇಳಾಕತ್ತೈತ್ರಿ. ನಗಾಕತ್ತಾರ."

ನಗುತ್ತಿದ್ದಾರೆ.

"ಕರೀರಿ, ಈಚೆಗೆ ಕರೀರಿ!"

"ತಡೀರಿ." ಅವರು ಹಿಂದೆ ತಿರುಗಿರಬೇಕು, ಕಣಿವೆಯ ಮೇಲ್ಗಡೆಗೆ. "ಅಯ್ಯ. ಮ್ಯಾಲಿಂದ ಬರಾಕತ್ತೈತ್ರಿ. ಕಸ, ಕಟಗಿ, ಎಲ್ಲಾ ಹೊತ್ತುಕೊಂಡು. ಈಚೆ ಕರದ್ರ ಅದಕ್ಕ ಎದುರಾಗ್ತಾರ."

ಅವರು ಕರೆಯಲಿಲ್ಲ. ಸೀಟಿ ಊದಿದರು. ಎರಡು ಸಲ. ಮೋರಿಯೊಳಗೆ ಅದು ಹತ್ತು ಸೀಟಿಯಾಗಿ ಮೊಳಗಿದ್ದು ನನಗೆ ವುಡ್‌ಲ್ಯಾಂಡ್ ಹಿಲ್ಸ್‌ನಲ್ಲಿ ಕೇಳಿತು. ಮತ್ತೆ ಎರಡು. ಮತ್ತೆ ಎರಡು. ಆಮೇಲೆ ಒಂದು ದೊಡ್ಡ ಸದ್ದು, ಫೋನಿಗೇ ನೀರು ನುಗ್ಗಿದ ಹಾಗೆ. ಲೈನ್ ಕಟ್ಟಾಯಿತು.

ಮತ್ತೆ ಮಾಡಿದೆ. ಹೋಗಲಿಲ್ಲ. ಹಾಗೆ ಕಾದದ್ದು ಹದಿನೆಂಟು ನಿಮಿಷ ಎಂದು ಆಮೇಲೆ ಅಳಿಯಂದಿರು ಹೇಳಿದರು. ನಾನು ದೇವರ ಹೆಸರು ಹೇಳಲಿಲ್ಲ. ಹೇಳಬೇಕೆಂದು ಬಾಯಿ ತೆರೆದರೆ ಅಳತೆಗಳು ಬರುತ್ತಿದ್ದವು. ನೂರಿಪ್ಪತ್ತು ಅಡಿ. ಮಕ್ಕಳು ನಡುವೆ ಇದ್ದರೆ ಹಿಂದಕ್ಕೆ ಅರವತ್ತು ಅಡಿ. ಕತ್ತಲಲ್ಲಿ ಮಗು ಸೆಕೆಂಡಿಗೆ ಎಷ್ಟು ಅಡಿ ಓಡುತ್ತದೆ? ನೀರು ಎಷ್ಟು? ನಡುವಿಗಿಂತ ಈಚೆ ಬಂದಿದ್ದರೆ? ಅಳಿಯಂದಿರು ಒಂದು ಕೈಯಲ್ಲಿ ಫೋನು ಹಿಡಿದು ಇನ್ನೊಂದು ಕೈಯಲ್ಲಿ ನನಗೆ ನೀರಿನ ಲೋಟ ಹಿಡಿದಿದ್ದರು. ಆ ಲೋಟದ ನೀರನ್ನು ನೋಡಲೂ ಆಗಲಿಲ್ಲ.

ಕೊನೆಗೆ ಶಾಲೆಯಿಂದ ಫೋನು ಬಂತು. ಮೂವರೂ ಶಾಲೆಯ ಬದಿಯ ದಂಡೆ ಹತ್ತಿ ವಾಪಸ್ಸು ಬಂದಿದ್ದರು. ಸೊಂಟದ ತನಕ ಒದ್ದೆ. ಒಬ್ಬಳ ಒಂದು ಶೂ ಇಲ್ಲ. ಮೋರಿಯ ಬಾಯಿಂದ ಅವರು ಹೊರಬಿದ್ದದ್ದಕ್ಕೂ ನೀರು ಹೊರಬಿದ್ದದ್ದಕ್ಕೂ ನಡುವೆ ಎಷ್ಟು ಹೊತ್ತಿತ್ತು ಎಂದು ನಾನು ಇವತ್ತಿಗೂ ಕೇಳಿಲ್ಲ. ಅತ್ತ ಮಾಸ್ತರರು ಜಾರಿ ಬಿದ್ದು ಮುಂಗೈ ಮುರಿದುಕೊಂಡಿದ್ದರು, ಫೋನು ನೀರಿನಲ್ಲಿ ಕೊಚ್ಚಿಹೋಗಿತ್ತು.

ಶುಕ್ರವಾರ ಮಗಳು ನನ್ನನ್ನು ಸ್ಯಾನ್ ಡಿಯಾಗೋಗೆ ಬಿಟ್ಟು ಹೋದಳು. ಮೊಮ್ಮಗಳು ನನ್ನನ್ನು ತಬ್ಬಿಕೊಳ್ಳುತ್ತಾಳೆ ಅಂದುಕೊಂಡಿದ್ದೆ. "ಯೂ ಗೇವ್ ದೆಮ್ ಆಲ್ ಅವರ್ ನೇಮ್ಸ್" ಅಂದು ಬಾಗಿಲು ಹಾಕಿಕೊಂಡಳು. ಎಂಟು ಮನೆಯಲ್ಲೂ ಏನೇನು ನಡೆಯಬೇಕೋ ಎಲ್ಲ ನಡೆದಿತ್ತು. ಆ ಶನಿವಾರ ಕ್ಲಬ್ ಹೌಸಿಗೆ ಒಂದು ಮಗುವೂ ಬರಲಿಲ್ಲ. ನಾನು, ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡ ಮಾಸ್ತರರು, ಎಂಟು ಖಾಲಿ ಕುರ್ಚಿ.

"ನಮ್ಮ ಮ್ಯಾಲೆ ಸಿಟ್ಟ ಬಂದೈತ್ರಿ ಅವರಿಗೆ" ಅಂದರು ಮಾಸ್ತರರು. "ಬರ್ಲಿ. ಸಿಟ್ಟ ಬರಾಕ ಜೀವ ಇರ್ಬೇಕಲ್ರೀ."

ಮುಂದಿನ ವಾರದ ಮೀಟಿಂಗಿನಲ್ಲಿ ನನ್ನ ಟ್ರೇಸಿಂಗು ಗೋಡೆಯ ಮೇಲೆ ತೂಗುತ್ತಿತ್ತು. ಅಂಚಿನ ಜೋಡಿ ಗೆರೆ, ಉತ್ತರದ ಬಾಣ, ಎಷ್ಟು ಅಂದವಾಗಿತ್ತು. ಮೋರಿ ಇದ್ದ ಜಾಗದಲ್ಲಿ ಬರೀ ಬಿಳಿ. ಅಪ್ಪ ಅಮ್ಮಂದಿರೆಲ್ಲ ಬಂದಿದ್ದರು, ಮಕ್ಕಳನ್ನು ಹಿಂದಿನ ಸಾಲಿನಲ್ಲಿ ಕೂರಿಸಿದ್ದರು. ಮೋರಿಗೆ ಕಬ್ಬಿಣದ ಜಾಲರಿ ಹಾಕಿ, ನಾಳೆಯೇ ಹಾಕಿ, ಎಂದು ಎಲ್ಲರೂ ಒಟ್ಟಿಗೆ ಮಾತಾಡಿದರು. ನಮ್ಮ ಕಡೆಯವರೇ ಒಬ್ಬ ತಂದೆ, ಟೆಲಿಕಾಂ ಎಂಜಿನಿಯರು, ನನ್ನತ್ತ ತಿರುಗಿ ಹೇಳಿದರು. "ಸಾಕು ಆಂಟಿ, ಇನ್ನು ಮಕ್ಕಳನ್ನ ಕೇಳೋದೇನಿದೆ? ಕೇಳಿ ಆಯ್ತಲ್ಲ."

ನಾನು ಎದ್ದೆ. ಇಂಗ್ಲಿಷ್ ನನ್ನ ಕೈಗೆ ಸಿಗುವುದಿಲ್ಲ. ಮಾರ್ಕರ್ ತೆಗೆದುಕೊಂಡು, ಆಫೀಸಿನಲ್ಲಿ ಕೆಟ್ಟ ನಕ್ಷೆಗೆ ಮಾಡುತ್ತಿದ್ದ ಹಾಗೆ, ನನ್ನ ಟ್ರೇಸಿಂಗಿನ ಮೂಲೆಯಿಂದ ಮೂಲೆಗೆ ಕೆಂಪು ಗೆರೆ ಎಳೆದೆ. ಪಕ್ಕದಲ್ಲಿ ಮಕ್ಕಳ ಎಣ್ಣೆ ಕಲೆಯ ಹಾಳೆಯನ್ನು ಬಿಡಿಸಿ ಟೇಪ್ ಹಾಕಿದೆ. "ಕೇಳಿಲ್ಲ. ಅವರು ಬರೆದಿದ್ದರು, ಅದನ್ನ ಬಿಟ್ಟವಳು ನಾನು" ಎಂದು ಕನ್ನಡದಲ್ಲೇ ಹೇಳಿದೆ. "ಮೋರಿಗೆ ಯಾಕೆ ಇಳಿತಿದ್ರಿ ಅಂತ ಈ ರೂಮಲ್ಲಿ ಯಾರಾದ್ರೂ ಒಬ್ಬರು ಅವರನ್ನ ಕೇಳಿದೀರಾ? ಹೊಡೆಯೋದಕ್ಕೆ ಮುಂಚೆ?"

ಟೆಲಿಕಾಂ ಎಂಜಿನಿಯರು ತಲೆ ತಗ್ಗಿಸಿದರು. ಸುಮ್ಮನೆ ಇರಲಾರದೆ ಅದನ್ನು ಇಂಗ್ಲಿಷಿನಲ್ಲಿ ಅವರೇ ಹೇಳಿದರು. ಹೊಡೆತದ ಮಾತನ್ನು ಮಾತ್ರ ಬಿಟ್ಟರು. ಪ್ಲಾನಿಂಗ್ ಹುಡುಗಿ ಹಿಂದಿನ ಸಾಲಿನ ಕಡೆ ನೋಡಿ ಕಾದಳು. ಕೊನೆಗೆ ನನ್ನ ಮೊಮ್ಮಗಳು, ಎದ್ದು ನಿಲ್ಲದೆ, ನನ್ನ ಮುಖ ನೋಡದೆ, ಅಂದಳು.

"ಕೆಳಗಡೆ ಕಾರ್ಸ್ ಇಲ್ಲ."

ಅಷ್ಟೇ. ಪ್ಲಾನಿಂಗ್ ಹುಡುಗಿ ಎದ್ದು ಸಿಗ್ನಲ್ಲಿನ ಮೂಲೆಯ ಕೆಂಪು ಸ್ಟಿಕರುಗಳ ಮೇಲೆ ಬೆರಳಿಟ್ಟಳು, ಅಲ್ಲಿಂದ ಪೆನ್ಸಿಲ್ ಕಮಾನಿನ ತನಕ ಬೆರಳನ್ನು ಎಳೆದಳು. ಜಾಲರಿಯೊಂದನ್ನೇ ಹಾಕಿದರೆ ಈ ಮಕ್ಕಳನ್ನೆಲ್ಲ ಕಾರುಗಳ ಮುಂದೆ ನಿಲ್ಲಿಸಿದ ಹಾಗೆ ಎಂದಳು. ಜಾಲರಿ, ಸಿಗ್ನಲ್ಲಿನಲ್ಲಿ ಕೆಂಪು ದೀಪ ಇರುವಾಗ ಬಲಕ್ಕೆ ತಿರುಗುವಂತಿಲ್ಲ ಎಂಬ ಬೋರ್ಡು, ಕಾರುಗಳಿಗಿಂತ ಮುಂಚೆ ನಡೆಯುವವರಿಗೆ ದೀಪ, ಮೂರನ್ನೂ ಒಂದೇ ಕೆಲಸವೆಂದು ಬರೆದುಕೊಂಡಳು. ಜಾಲರಿ ಮತ್ತು ಬೋರ್ಡು ಒಂದೇ ದಿನ ಬಂದವು. ದೀಪ ಇನ್ನೂ ಬರಬೇಕು. ಅಲ್ಲಿಯವರೆಗೆ ಶಾಲೆ ಬಿಡುವ ಹೊತ್ತಿಗೆ ಮಾಸ್ತರರೂ ನಾನೂ ಆ ಮೂಲೆಯಲ್ಲಿ ಕಿತ್ತಳೆ ಬಣ್ಣದ ಅಂಗಿ ತೊಟ್ಟು ನಿಲ್ಲುತ್ತೇವೆ. ಚಾಲಕರು ನನ್ನನ್ನು ನೋಡಿದ ಮೇಲೆಯೇ ಮಕ್ಕಳನ್ನು ದಾಟಿಸುತ್ತೇನೆ.

ಹಾಳೆಯನ್ನು ಮೊದಲಿನಿಂದ ಮಾಡಬೇಕಾಯಿತು. ಬೋರ್ಡಿನ ಮೇಲಿನ ಮೂರನೇ ನಿಯಮವನ್ನು ಪ್ಲಾನಿಂಗ್ ಹುಡುಗಿ ಒರೆಸಿ ಬೇರೆ ಬರೆದಳು: ಜೀವಕ್ಕೆ ಅಪಾಯ ಅನಿಸಿದರೆ ದೊಡ್ಡವರು ಬೇರೆಯವರಿಗೆ ಹೇಳುತ್ತಾರೆ, ಆದರೆ ಅದಕ್ಕೂ ಮೊದಲು ನಿಮಗೆ ಹೇಳುತ್ತಾರೆ. ಮೊದಲ ವಾರ ಇಬ್ಬರು ಬಂದರು. ಆಮೇಲೆ ನಾಲ್ವರು. ಮೊಮ್ಮಗಳು ಬರಲಿಲ್ಲ.

ಹೋದ ಶನಿವಾರ ನಾನು ಹಾಲಿನಲ್ಲಿ ಕೂತು ಹುರುಳಿಕಾಯಿ ಸೋಸುತ್ತಿದ್ದೆ. ಅವಳು ಬಂದು ಎದುರಿಗೆ ನಿಂತಳು.

"ಇನ್ನೊಂದು ಪ್ಲೇಸ್ ಇದೆ ಅಜ್ಜಿ. ತೋರಿಸ್ತೀನಿ. ಬಟ್ ನೀನು ಯಾರಿಗೂ ಹೇಳಬಾರ್ದು."

ನನಗೆ ಆಸೆಯಾಯಿತು. ಹೂಂ ಅನ್ನಲು ನಾಲಿಗೆಯ ತುದಿಗೆ ಬಂದಿತ್ತು.

"ಆ ಮಾತು ಕೊಡಲ್ಲ ಪುಟ್ಟಿ."

"ವೈ?"

"ನೋಡಿ ನಂಗೆ ಹೆದರಿಕೆ ಆದ್ರೆ ಹೇಳ್ತೀನಿ. ಮೊದಲು ನಿಂಗೆ ಹೇಳ್ತೀನಿ, ಆಮೇಲೆ ಬೇರೆಯವರಿಗೆ. ಬೇಡ ಅನ್ಸಿದ್ರೆ ತೋರಿಸಬೇಡ."

ಅವಳು ಒಳಗೆ ಹೋದಳು. ಮುಗಿಯಿತು ಅಂದುಕೊಂಡೆ, ಹುರುಳಿಕಾಯಿಯ ನಾರು ತೆಗೆಯುತ್ತಾ ಕೂತೆ. ವಾಪಸ್ಸು ಬಂದಾಗ ಅವಳ ಕಾಲಿನಲ್ಲಿ ಶೂ ಇತ್ತು, ಕೈಯಲ್ಲಿ ನನ್ನ ಶೂ. ಅದನ್ನು ನನ್ನ ಕಾಲ ಬಳಿ ಜೋಡಿಸಿಟ್ಟಳು.

"ಸ್ವಲ್ಪ ದೂರ ಇದೆ" ಅಂದಳು. "ಸ್ಲೋ ಆಗಿ ಬಾ."

ಹುರುಳಿಕಾಯಿಯ ತಟ್ಟೆ ಪಕ್ಕಕ್ಕಿಟ್ಟೆ. ಬಗ್ಗಿ ಲೇಸು ಕಟ್ಟಿಕೊಂಡೆ.